ಹಳೆ ಪಿಕಪ್‌ನ ಮುಂಭಾಗ ತಗ್ಗಿಸುವುದು: ಆಕ್ಸಲ್‌ಗೆ ಮನೆಯ ಅಂಗಳದಲ್ಲೇ ಹೊಸ ಆಕಾರ ಕೊಡುವ ಬಗೆ

ತುಮಕೂರು, ಗುಬ್ಬಿ, ಶಿರಾ ಕಡೆಯ ಓದುಗರಿಂದ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ತೋಟದ ಶೆಡ್ಡಿನಲ್ಲಿ ತಾತನ ಕಾಲದ ಶೆವರ್ಲೆ ಅಥವಾ ಫಾರ್ಗೋ ಪಿಕಪ್ ನಿಂತಿದೆ. ಎಂಜಿನ್ ಓಡುತ್ತಿದೆ, ಬಣ್ಣವೂ ಆಗಿದೆ. ಆದರೆ ಮುಂಭಾಗ ಕತ್ತೆತ್ತಿ ನಿಂತ ಹಾಗೆ ಕಾಣುತ್ತೆ, ಎರಡು ಮೂರು ಇಂಚು ತಗ್ಗಿಸಬೇಕು. ಸ್ಪ್ರಿಂಗಿನ ಪಟ್ಟಿ, ಅಂದರೆ ಬ್ಲೇಡ್, ಒಂದೆರಡು ತೆಗೆದರೆ ಸಾಕಾ, ಚಕ್ರಗಳನ್ನು ಹೊತ್ತ ಆಕ್ಸಲ್ಲನ್ನೇ ಬಗ್ಗಿಸಬೇಕಾ? ಮನೆಯಲ್ಲೇ ಆಗುತ್ತಾ?

ಆಗುತ್ತೆ. ಆದರೆ ಎಲ್ಲರೂ ಭಯಪಡುವುದು ಬಗ್ಗಿಸುವ ಹಂತಕ್ಕೆ. ನಿಜವಾಗಿ ಭಯಪಡಬೇಕಾದ್ದು ಅದಕ್ಕೆ ಮುಂಚಿನ ಅಳತೆಗೆ, ಅದರ ನಂತರದ ಪರೀಕ್ಷೆಗೆ. ಕಬ್ಬಿಣ ಕೆಂಪಗೆ ಕಾದರೆ ಯಾರು ತಳ್ಳಿದರೂ ಬಗ್ಗುತ್ತೆ. ಬಗ್ಗಿದ ಮೇಲೆ ಎರಡೂ ಕಡೆಯ ಕೋನ ಒಂದೇ ಇದೆಯಾ, ಲೋಹದಲ್ಲಿ ಮೊದಲಿನ ಗಟ್ಟಿತನ ಉಳಿದಿದೆಯಾ ಅನ್ನುವುದರ ಮೇಲೆ ಒಳಗೆ ಕೂತವರ ಪ್ರಾಣ ನಿಂತಿದೆ. ಅದಕ್ಕೇ ಈ ಲೇಖನದಲ್ಲಿ ಬೆಂಕಿಗಿಂತ ಅಳತೆಯ ಮಾತೇ ಜಾಸ್ತಿ.

ಯಾವ ಗಾಡಿಗೆ ಸರಿ, ಯಾವುದಕ್ಕೆ ಬೇಡ

ಇಲ್ಲಿ ಹೇಳುತ್ತಿರುವುದು ಬೀಮ್ ಆಕ್ಸಲ್ ಇರುವ ಹಗುರ ಪಿಕಪ್‌ಗಳಿಗೆ. ಎಡ ಚಕ್ರದಿಂದ ಬಲ ಚಕ್ರದವರೆಗೆ ಒಂದೇ ಅಖಂಡ ತೊಲೆ ಇದ್ದರೆ ಅದು ಬೀಮ್ ಆಕ್ಸಲ್. ಆ ತೊಲೆಯ ಮೇಲಂಚು ಕೆಳಅಂಚು ಅಗಲ, ನಡುವಿನ ಭಾಗ ತೆಳು. 1947ರಿಂದ 1955ರ ಆರಂಭದವರೆಗೆ ಬಂದ ಶೆವರ್ಲೆ ಅರ್ಧ ಟನ್ ಪಿಕಪ್ ಒಳ್ಳೆಯ ಉದಾಹರಣೆ. ಅದರ ಎರಡು ಬದಿಯಲ್ಲೂ ಉದ್ದಕ್ಕೆ ಪಟ್ಟಿ ಸ್ಪ್ರಿಂಗ್ ಇದೆ. ನಮ್ಮ ಗ್ಯಾರೇಜುಗಳಲ್ಲಿ ಬ್ಲೇಡ್ ಸೆಟ್ ಅನ್ನುವುದು ಇದಕ್ಕೇ. 1948ಕ್ಕಿಂತ ಹಿಂದಿನ ಫೋರ್ಡ್ ಪಿಕಪ್‌ಗಳಲ್ಲಿ ಮುಂದಿನ ಸ್ಪ್ರಿಂಗ್ ಅಡ್ಡಲಾಗಿರುತ್ತೆ. ಅಲ್ಲಿ ಜೋಡಣೆ ಬೇರೆ, ಈ ಹಂತಗಳನ್ನು ಹಾಗೇ ಅನುಸರಿಸಬೇಡಿ.

ಲೋಡು ಹೊರುವ ಲಾರಿಗಳಿಗೆ, ಅಂದರೆ ಹಳೆ ಟಾಟಾ ಮರ್ಸಿಡಿಸ್, ಬೆಡ್‌ಫೋರ್ಡ್, ಲೇಲ್ಯಾಂಡ್ ಕಾಮೆಟ್ ಇಂಥವಕ್ಕೆ ಈ ಕೆಲಸ ಬೇಡವೇ ಬೇಡ. ಅವುಗಳ ಮುಂದಿನ ಆಕ್ಸಲ್ ಮೇಲೆ ಬೀಳುವ ಭಾರ ಮನೆಯಂಗಳದ ಕೆಲಸಕ್ಕೆ ಮೀರಿದ್ದು.

ಬ್ಲೇಡ್ ತೆಗೆದು ತಗ್ಗಿಸುವುದು ಸುಲಭ, ಅದಕ್ಕೇ ಎಲ್ಲರೂ ಮಾಡುತ್ತಾರೆ. ಆದರೆ ಆಗ ಉಳಿದ ಬ್ಲೇಡುಗಳ ಮೇಲೆ ಭಾರ ಹೆಚ್ಚುತ್ತೆ. ಆಕ್ಸಲ್ ಮತ್ತು ಚಾಸಿಸ್, ಅಂದರೆ ಗಾಡಿಯ ತಳದ ಚೌಕಟ್ಟು, ಇವೆರಡರ ನಡುವಿನ ಜಾಗವೂ ಕಮ್ಮಿಯಾಗುತ್ತೆ. ಒಂದು ಹಂಪ್ ಸಿಕ್ಕರೆ ಆಕ್ಸಲ್ ಚಾಸಿಸ್‌ಗೆ ಬಡಿಯುತ್ತೆ. ಆಕ್ಸಲ್ ಆಕಾರ ಬದಲಿಸಿದರೆ ಈ ತೊಂದರೆ ಇಲ್ಲ. ಸ್ಪ್ರಿಂಗ್ ಕೂರುವ ನಡುಭಾಗ ಚಕ್ರದ ಮಧ್ಯಕ್ಕಿಂತ ಕೆಳಗೆ ಇಳಿಯುತ್ತೆ, ಸ್ಪ್ರಿಂಗ್ ಮೊದಲಿನಷ್ಟೇ ಆಡುತ್ತೆ. ಕ್ಯಾಲಿಫೋರ್ನಿಯಾದ ಕಮ್ಮಾರರು ಎರಡನೇ ಮಹಾಯುದ್ಧದ ಆಸುಪಾಸಿನಲ್ಲೇ ಫೋರ್ಡ್ ಆಕ್ಸಲ್‌ಗಳನ್ನು ಕಾಯಿಸಿ ಹೀಗೆ ಇಳಿಸುತ್ತಿದ್ದರು. ಹೀಗೆ ಇಳಿಸಿದ ಅಳತೆಗೆ ಡ್ರಾಪ್ ಅನ್ನುತ್ತಾರೆ.

ಮನೆಯ ಕೆಲಸಕ್ಕೆ ನಾನು ಒಪ್ಪುವ ಡ್ರಾಪ್ 60 ಮಿಲಿಮೀಟರ್, ಅಂದರೆ ಎರಡೂವರೆ ಇಂಚಿಗಿಂತ ತುಸು ಕಮ್ಮಿ. ನಾಲ್ಕು ಇಂಚು ಬೇಕು ಅನ್ನುವವರು ತಯಾರಾದ ಡ್ರಾಪ್ ಆಕ್ಸಲ್ ತರಿಸಿಕೊಳ್ಳಿ. ದುಡ್ಡು ಜಾಸ್ತಿಯಾದರೂ ಅದೇ ಸರಿ.

ಕಾನೂನಿನ ಮಾತು, ಮೊದಲೇ

ಇದನ್ನು ಓದದೆ ಮುಂದೆ ಹೋಗಬೇಡಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೆ ಹೊಂದದ ಹಾಗೆ ಮಾಲೀಕರು ಗಾಡಿಯನ್ನು ಬದಲಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಪ್ರಕಾರ, ಅನುಮತಿ ಇಲ್ಲದೆ ಬದಲಿಸಿದರೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ.

50 ವರ್ಷ ದಾಟಿದ ಖಾಸಗಿ ಗಾಡಿಗಳಿಗೆ 2021ರಲ್ಲಿ ವಿಂಟೇಜ್ ನೋಂದಣಿ ನಿಯಮ ಬಂತು. ಅದರಲ್ಲೂ ಗಾಡಿ ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಎಂಜಿನ್ ಬದಲಿಸಿರಬಾರದು ಅನ್ನುವುದೇ ಮುಖ್ಯ ಷರತ್ತು. ಹಾಗಾಗಿ ಇಲ್ಲಿ ಹೇಳುವ ಕೆಲಸ ನಿಮ್ಮ ತೋಟದೊಳಗೆ, ಖಾಸಗಿ ಜಾಗದಲ್ಲಿ, ಬೇಲಿ ಹಾಕಿದ ಮೈದಾನದ ಪ್ರದರ್ಶನಕ್ಕೆ ಮಾತ್ರ. ರಸ್ತೆಗೆ ಇಳಿಸುವ ಯೋಚನೆ ಇದ್ದರೆ ಮೊದಲು ನಿಮ್ಮ ಆರ್‌ಟಿಒ ಕಚೇರಿಗೆ ಹೋಗಿ, ಲಿಖಿತವಾಗಿ ಕೇಳಿ. ಬಾಯಿಮಾತಿನ ಒಪ್ಪಿಗೆ ನಂಬಬೇಡಿ. ಅಪಘಾತವಾದರೆ ವಿಮಾ ಕಂಪನಿ ಮೊದಲು ಕೇಳುವುದೂ ಇದನ್ನೇ.

ಇದಕ್ಕೆ ಅಂಟಿಕೊಂಡೇ ನನ್ನ ಮೊದಲ ನಿಯಮ: ಗಾಡಿಯ ಜೊತೆ ಬಂದ ಮೂಲ ಆಕ್ಸಲ್ ಮುಟ್ಟಬೇಡಿ. ಅದೇ ಮಾದರಿಯ ಇನ್ನೊಂದು ಆಕ್ಸಲ್ ಗುಜರಿಯಲ್ಲಿ ಹುಡುಕಿ, ಆಕಾರ ಬದಲಿಸುವುದು ಅದಕ್ಕೆ. ಮೂಲದ್ದಕ್ಕೆ ಗ್ರೀಸ್ ಬಳಿದು, ಗೋಣಿ ಸುತ್ತಿ ಎತ್ತಿಡಿ. ನಾಳೆ ವಿಂಟೇಜ್ ನೋಂದಣಿ ಮಾಡಿಸುವ ಮನಸ್ಸಾದರೆ ಅದನ್ನೇ ತಿರುಗಿ ಜೋಡಿಸಬಹುದು.

ಏನೇನು ಬೇಕು

ಮಟ್ಟವಾದ ಸಿಮೆಂಟ್ ನೆಲ. ಗಾರೆ ಕೆಲಸದವರ ರಸಮಟ್ಟ, ತೂಗುಗುಂಡು. ಆಯಸ್ಕಾಂತವಿರುವ ಡಿಜಿಟಲ್ ಕೋನಮಾಪಕ. ಒಳ್ಳೆಯ ಜಾಕಿ, ಅದಕ್ಕಿಂತ ಒಳ್ಳೆಯ ನಾಲ್ಕು ಸ್ಟ್ಯಾಂಡ್. ದಪ್ಪ ಕಬ್ಬಿಣದ ತೊಲೆ, ಪ್ಲೇಟು. 20 ಟನ್‌ನ ಎರಡು ಹೈಡ್ರಾಲಿಕ್ ಜಾಕಿ. ಆಮ್ಲಜನಕ ಮತ್ತು ಎಲ್‌ಪಿಜಿ ಮೇಲೆ ನಡೆಯುವ ದೊಡ್ಡ ಹೀಟಿಂಗ್ ನಾಝಲ್. ಬಿಸಿ ಗುರುತಿಸುವ ಟೆಂಪರೇಚರ್ ಕ್ರೇಯಾನ್: ನಿಗದಿತ ಶಾಖಕ್ಕೆ ಬಂದಾಗ ಕರಗುವ ಬಳಪ ಇದು. ಬಿರುಕು ಹುಡುಕುವ ಡೈ ಪೆನೆಟ್ರಂಟ್ ಸ್ಪ್ರೇ, ಮೂರು ಡಬ್ಬಿಯ ಸೆಟ್. ಒಂದು ನೋಟ್‌ಬುಕ್. ಕೆಲಸ ಗೊತ್ತಿರುವ ಇನ್ನಿಬ್ಬರು ಜನ.

ಗಾಡಿಯ ಕೈಪಿಡಿಯೂ ಬೇಕು. ಕಿಂಗ್ ಪಿನ್ ಕೋನ, ಕ್ಯಾಂಬರ್, ಕ್ಯಾಸ್ಟರ್, ಬೋಲ್ಟ್ ಬಿಗಿಯುವ ಅಳತೆ ಎಲ್ಲವೂ ಅದರಲ್ಲಿವೆ. ಈ ಪದಗಳ ಅರ್ಥ ಮುಂದೆ ಬಂದಲ್ಲೇ ಹೇಳುತ್ತೇನೆ.

1. ಎರಡನೇ ಆಕ್ಸಲ್ ಆರಿಸುವುದು

ಆಕ್ಸಲ್ ಕುಲುಮೆಯಲ್ಲಿ ಬಡಿದು ಮಾಡಿದ ಉಕ್ಕಿನದ್ದಾಗಿರಬೇಕು. ಎರಕದ್ದಾದರೆ ಕಾಯಿಸಿ ಬಗ್ಗಿಸುವಂತಿಲ್ಲ, ಬಿರಿಯುತ್ತೆ. ಹಳೆ ಕಂಪನಿ ಆಕ್ಸಲ್‌ಗಳು ಬಡಿದು ಮಾಡಿದವು. ಇತ್ತೀಚಿನ ಕೆಲವು ಬದಲಿ ಆಕ್ಸಲ್‌ಗಳು ಎರಕದವು. ಗ್ರೈಂಡರ್ ತಾಗಿಸಿ ಕಿಡಿ ನೋಡಿ. ಉಕ್ಕಿನ ಕಿಡಿ ಉದ್ದ, ಬೆಳ್ಳಗೆ, ತುದಿಯಲ್ಲಿ ಕವಲೊಡೆಯುತ್ತೆ. ಎರಕದ ಕಬ್ಬಿಣದ ಕಿಡಿ ಗಿಡ್ಡ, ಮಂಕು ಕೆಂಪು.

ಆಮೇಲೆ ಬಣ್ಣ, ತುಕ್ಕು, ಗ್ರೀಸ್ ಎಲ್ಲ ತೆಗೆದು ಬಿರುಕು ಪರೀಕ್ಷೆ ಮಾಡಿ. ಡೈ ಪೆನೆಟ್ರಂಟ್‌ನ ಮೊದಲ ಡಬ್ಬಿಯಿಂದ ತೊಳೆದು ಒಣಗಿಸಿ. ಎರಡನೆಯದರ ಕೆಂಪು ದ್ರವ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಡಿ. ಹತ್ತು ನಿಮಿಷಕ್ಕಿಂತ ಕಮ್ಮಿ ಬೇಡ. ಒರೆಸಿ, ಮೂರನೆಯದರ ಬಿಳಿ ಪುಡಿ ಹೊಡೆಯಿರಿ. ಬಿರುಕಿದ್ದರೆ ಬಿಳಿಯ ಮೇಲೆ ಕೂದಲೆಳೆಯಷ್ಟು ಕೆಂಪು ಗೆರೆ ಮೂಡುತ್ತೆ. ಸ್ಪ್ರಿಂಗ್ ಕೂರುವ ಪ್ಯಾಡಿನ ಅಂಚು, ಆಕ್ಸಲ್ ತುದಿಯಲ್ಲಿ ಕಿಂಗ್ ಪಿನ್ ತೂರುವ ತೂತಿನ, ಅಂದರೆ ಕಣ್ಣಿನ, ಬುಡ ಚೆನ್ನಾಗಿ ನೋಡಿ. ಒಂದು ಗೆರೆ ಕಂಡರೂ ಆ ಆಕ್ಸಲ್ ಬಿಡಿ. ಬೆಸುಗೆ ಹಾಕಿಸಿ ಸರಿಮಾಡುತ್ತೇನೆ ಅನ್ನುವವರು ಸಿಗುತ್ತಾರೆ, ಒಪ್ಪಬೇಡಿ. ಮುಂದಿನ ಆಕ್ಸಲ್ ಮೇಲೆ ಬೆಸುಗೆಗೆ ಜಾಗವಿಲ್ಲ.

ಇಲ್ಲೇ ಇನ್ನೊಂದು ಕೆಲಸ ಮುಗಿಸಿ. ಆಕ್ಸಲ್ಲನ್ನು ಲೋಹ ಪರೀಕ್ಷೆಯ ಲ್ಯಾಬಿಗೆ ಕೊಟ್ಟು ಸ್ಪೆಕ್ಟ್ರೋ ಮಾಡಿಸಿ. ಮೇಲ್ಮೈಯಲ್ಲಿ ಸಣ್ಣ ಚುಕ್ಕೆಯಷ್ಟು ಸುಟ್ಟು, ಉಕ್ಕಿನಲ್ಲಿ ಇಂಗಾಲ, ಮ್ಯಾಂಗನೀಸ್, ಕ್ರೋಮಿಯಂ ಎಷ್ಟಿದೆ ಅಂತ ಹೇಳುವ ಪರೀಕ್ಷೆ ಇದು. ಗಡಸುತನವನ್ನೂ ಅಳೆಸಿ ಬರೆಸಿಕೊಳ್ಳಿ. ಈ ಎರಡು ಕಾಗದ ಏಳನೇ ಹಂತದಲ್ಲಿ ಬೇಕಾಗುತ್ತವೆ.

2. ಗಾಡಿ ನಿಂತಂತೆಯೇ ಅಳತೆ

ಬಿಚ್ಚುವ ಆತುರದಲ್ಲಿ ಈ ಹಂತ ಬಿಟ್ಟವರು ಆಮೇಲೆ ಕತ್ತಲಲ್ಲಿ ತಡಕಾಡುತ್ತಾರೆ. ನಾಲ್ಕೂ ಟೈರಿಗೆ ಸರಿಯಾದ ಗಾಳಿ ತುಂಬಿಸಿ, ಮಟ್ಟ ನೆಲದ ಮೇಲೆ ಸ್ಟೀರಿಂಗ್ ನೇರ ಮಾಡಿ ನಿಲ್ಲಿಸಿ. ಈಗ ಇವನ್ನು ಬರೆದುಕೊಳ್ಳಿ: ಚಕ್ರದ ಮಧ್ಯದಿಂದ ಮಡ್‌ಗಾರ್ಡ್ ಅಂಚಿಗೆ ಎಷ್ಟು, ಆಕ್ಸಲ್ ತಳದಿಂದ ನೆಲಕ್ಕೆ ಎಷ್ಟು, ಚಾಸಿಸ್ ತೊಲೆ ಎಷ್ಟು ಡಿಗ್ರಿ ವಾಲಿದೆ, ಸ್ಟೀರಿಂಗ್ ಬಾಕ್ಸಿನಿಂದ ಬರುವ ಡ್ರ್ಯಾಗ್ ಲಿಂಕ್ ಯಾವ ಕೋನದಲ್ಲಿದೆ. ಡ್ರ್ಯಾಗ್ ಲಿಂಕ್ ಅಂದರೆ ಸ್ಟೀರಿಂಗ್ ಬಾಕ್ಸಿನ ಚಲನೆಯನ್ನು ಚಕ್ರದ ತೋಳಿಗೆ ಮುಟ್ಟಿಸುವ ಸರಳು. ಎರಡು ಚಕ್ರಗಳನ್ನು ಜೋಡಿಸುವ ಅಡ್ಡ ಸರಳು ಟೈ ರಾಡ್.

ಮೂರು ಕೋನಗಳ ಹೆಸರು ತಿಳಿದಿರಲಿ. ಚಕ್ರ ಯಾವುದರ ಸುತ್ತ ಎಡಬಲ ತಿರುಗುತ್ತದೋ ಆ ಗಟ್ಟಿ ಕಡ್ಡಿಯೇ ಕಿಂಗ್ ಪಿನ್. ಮುಂದೆ ನಿಂತು ನೋಡಿದರೆ ಅದರ ತಲೆ ಒಳಕ್ಕೆ ವಾಲಿರುತ್ತೆ, ಇದು ಕಿಂಗ್ ಪಿನ್ ಕೋನ. ಬದಿಯಿಂದ ನೋಡಿದರೆ ತಲೆ ತುಸು ಹಿಂದಕ್ಕೆ ವಾಲಿರುತ್ತೆ, ಇದು ಕ್ಯಾಸ್ಟರ್. ಚಕ್ರವೇ ಮೇಲ್ಭಾಗದಲ್ಲಿ ಹೊರಕ್ಕೋ ಒಳಕ್ಕೋ ವಾಲಿದರೆ ಅದು ಕ್ಯಾಂಬರ್. ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದು, ವೇಗದಲ್ಲಿ ಗಾಡಿ ಅಲೆದಾಡದಿರುವುದು ಮುಖ್ಯವಾಗಿ ಮೊದಲ ಎರಡು ಕೋನಗಳಿಂದ.

3. ಬಿಚ್ಚುವುದು

ಚಾಸಿಸ್ ಸ್ಟ್ಯಾಂಡ್ ಮೇಲೆ ಕೂತ ಮೇಲೇ ಕೆಳಗೆ ನುಗ್ಗಿ. ಬರೀ ಜಾಕಿ ನಂಬಿ ಗಾಡಿಯ ಅಡಿಗೆ ತಲೆ ಹಾಕಬೇಡಿ. ಚಕ್ರ, ಡ್ರಮ್, ಬ್ರೇಕ್ ಪೈಪು, ಟೈ ರಾಡ್, ಡ್ರ್ಯಾಗ್ ಲಿಂಕ್, ಕೊನೆಗೆ ಸ್ಪ್ರಿಂಗನ್ನು ಆಕ್ಸಲ್‌ಗೆ ಬಿಗಿದಿಡುವ ಯು ಬೋಲ್ಟ್, ಈ ಕ್ರಮದಲ್ಲಿ ಬಿಚ್ಚಿ. ತೆಗೆದ ಯು ಬೋಲ್ಟುಗಳನ್ನು ಮತ್ತೆ ಬಳಸಬೇಡಿ. ಒಮ್ಮೆ ಬಿಗಿದ ಯು ಬೋಲ್ಟ್ ಎಳೆದುಕೊಂಡಿರುತ್ತೆ, ಎರಡನೇ ಸಲ ಅದೇ ಹಿಡಿತ ಕೊಡುವುದಿಲ್ಲ. ಕಿಂಗ್ ಪಿನ್ ಹೊರಗೆ ಬರದಿದ್ದರೆ ಬೆಂಕಿ ತೋರಿಸುವ ಬದಲು ಲೇತ್ ಅಂಗಡಿಯ ಪ್ರೆಸ್ಸಿಗೆ ಒಯ್ಯಿರಿ.

4. ಕಾಗದದ ಮೇಲೆ ಲೆಕ್ಕ, ಪ್ಲೈವುಡ್ ಮೇಲೆ ಚಿತ್ರ

ಪ್ಲೈವುಡ್ ಹಾಳೆಯ ಮೇಲೆ ಆಕ್ಸಲ್ ಮಲಗಿಸಿ ನಿಜ ಅಳತೆಯಲ್ಲೇ ಗೆರೆ ಎಳೆಯಿರಿ. ಸ್ಪ್ರಿಂಗ್ ಪ್ಯಾಡಿನ ಹೊರ ಅಂಚಿನಿಂದ ಕಿಂಗ್ ಪಿನ್ ಕಣ್ಣಿನ ಬುಡದವರೆಗಿನ ಭಾಗ ಮಾತ್ರ ಆಕಾರ ಬದಲಿಸುವ ಜಾಗ. ಪ್ಯಾಡನ್ನೂ ಕಣ್ಣನ್ನೂ ಬೆಂಕಿ ಮುಟ್ಟಬಾರದು. ಈ ಭಾಗದಲ್ಲಿ ಎರಡು ಬಾಗು ಬರುತ್ತವೆ. ಪ್ಯಾಡಿನ ಹತ್ತಿರದ್ದು ತೊಲೆಯನ್ನು ಮೇಲಕ್ಕೆ ಎತ್ತುತ್ತೆ, ಕಣ್ಣಿನ ಹತ್ತಿರದ್ದು ಅದನ್ನು ಮತ್ತೆ ಮೊದಲಿನ ದಿಕ್ಕಿಗೆ ತರುತ್ತೆ. ಎರಡೂ ಬಾಗು ಒಂದೇ ಅಳತೆಯಲ್ಲಿದ್ದರೆ ಮಾತ್ರ ಕಿಂಗ್ ಪಿನ್ ಕೋನ ಮೊದಲಿನಂತೆ ಉಳಿಯುತ್ತೆ.

ಈಗ ಒಂದು ಲೆಕ್ಕ. ಬಗ್ಗಿಸುವ ಭಾಗದ ಉದ್ದ 200 ಮಿಲಿಮೀಟರ್ ಅಂದುಕೊಳ್ಳಿ. ಅದನ್ನು 60 ಎತ್ತಿದರೆ ಅಡ್ಡ ಅಳತೆ ಸುಮಾರು 191ಕ್ಕೆ ಇಳಿಯುತ್ತೆ. ಒಂದು ಕಡೆ 9, ಎರಡೂ ಕಡೆ ಸೇರಿ 18 ಮಿಲಿಮೀಟರ್‌ನಷ್ಟು ಚಕ್ರಗಳು ಒಳಗೆ ಬರುತ್ತವೆ. ಹಾಗಾಗಬಾರದು ಅಂದರೆ ಕಾದ ಭಾಗವನ್ನು ಎಳೆದು ಉದ್ದ ಮಾಡಬೇಕು. ಆಗ 200 ಇದ್ದದ್ದು 209 ಆಗಬೇಕು, ತೊಲೆ ಅಲ್ಲಿ ನಾಲ್ಕೂವರೆ ಪರ್ಸೆಂಟಿನಷ್ಟು ತೆಳುವಾಗುತ್ತೆ. ಡ್ರಾಪ್ 75ಕ್ಕೆ ಏರಿಸಿದರೆ ಒಳಗೆ ಬರುವುದು ಒಟ್ಟು 29 ಮಿಲಿಮೀಟರ್, ಎಳೆದರೆ ತೆಳುವಾಗುವುದು ಏಳು ಪರ್ಸೆಂಟಿನ ಹತ್ತಿರ. 60ಕ್ಕೆ ನಿಲ್ಲಿ ಅಂತ ನಾನು ಹಟ ಮಾಡುವುದು ಈ ಲೆಕ್ಕದಿಂದ.

ವೃತ್ತಿಪರ ಕುಲುಮೆಯವರು ಎಳೆಯುತ್ತಾರೆ. ಮನೆಯಲ್ಲಿ ಎಳೆಯಬೇಡಿ. ಎಳೆತ ಎಲ್ಲ ಕಡೆ ಸಮನಾಗಿ ಹಂಚುವುದು ಕಷ್ಟ, ಒಂದೇ ಕಡೆ ಸೊಂಟ ಕಟ್ಟಿದ ಹಾಗೆ ತೆಳುವಾದರೆ ಅಲ್ಲೇ ಮುರಿಯುತ್ತೆ. 18 ಮಿಲಿಮೀಟರ್ ಒಳಗೆ ಬಂದರೆ ಬರಲಿ, ಟೈ ರಾಡ್ ಅದಕ್ಕೆ ತಕ್ಕಂತೆ ಹೊಂದಿಸಬಹುದು. ಬಾಗುಗಳು ಚೂಪಾಗಬಾರದು, ನಿಧಾನ ತಿರುವಿನಂತಿರಲಿ.

5. ಹಿಡಿತದ ಚೌಕಟ್ಟು

ಆಕ್ಸಲ್‌ಗಿಂತ ಉದ್ದದ ದಪ್ಪ ತೊಲೆಯೊಂದನ್ನು ನೆಲಕ್ಕೆ ಬಿಗಿದು, ಅದರ ಮೇಲೆ ಆಕ್ಸಲ್‌ನ ಎರಡು ಸ್ಪ್ರಿಂಗ್ ಪ್ಯಾಡುಗಳನ್ನು ಬೋಲ್ಟ್ ಹಾಕಿ ಕೂರಿಸಿ. ರಸಮಟ್ಟ ಇಟ್ಟು ಪ್ಯಾಡುಗಳು ಉದ್ದಕ್ಕೂ ಅಡ್ಡಕ್ಕೂ ಮಟ್ಟ ಇವೆಯಾ ನೋಡಿ.

ಲೇತ್‌ನಲ್ಲಿ ಎರಡು ಡಮ್ಮಿ ಪಿನ್ ಮಾಡಿಸಿ. ಕಿಂಗ್ ಪಿನ್‌ನಷ್ಟೇ ದಪ್ಪ, ಆದರೆ ಅರ್ಧ ಮೀಟರ್ ಉದ್ದ. ಕಣ್ಣಿನಲ್ಲಿ ತೂರಿಸಿದರೆ ಕೋನ ಓದಲು ಉದ್ದನೆಯ ಕೈ ಸಿಕ್ಕ ಹಾಗೆ. ಬಗ್ಗಿಸುವ ಮುನ್ನ ಎರಡೂ ಕಡೆಯ ಕೋನ ಬರೆದುಕೊಳ್ಳಿ. ಕಣ್ಣು ಎಲ್ಲಿಗೆ ಬಂದು ನಿಲ್ಲಬೇಕೋ ಅಲ್ಲಿ ಎರಡೂ ಕಡೆ ತಡೆಗಟ್ಟೆ ಬೆಸೆಯಿರಿ. ಇದು ಚೌಕಟ್ಟಿನ ಬೆಸುಗೆ, ಆಕ್ಸಲ್‌ನದ್ದಲ್ಲ. ತೊಲೆ ಬಗ್ಗುವಾಗ ಅಡ್ಡಕ್ಕೆ ಸೊಟ್ಟಗಾಗದಂತೆ, ತೆಳು ನಡುಭಾಗ ಮುದುರದಂತೆ ಎರಡು ಬದಿಯಲ್ಲೂ ದಪ್ಪ ಪ್ಲೇಟ್ ನಿಲ್ಲಿಸಿ. ಈ ಪ್ಲೇಟ್ ಮರೆತವರ ಆಕ್ಸಲ್ ಮೇಲಿಂದ ನೋಡಿದರೆ ಹಾವಿನಂತೆ ತಿರುಚಿರುತ್ತೆ, ಅದನ್ನು ಸರಿಮಾಡುವ ದಾರಿ ಇಲ್ಲ.

6. ಬೆಂಕಿ

ಸಂಜೆ ಶೆಡ್ಡಿನ ನೆರಳಲ್ಲಿ ಮಾಡಿ. ನಮ್ಮ ಕಡೆಯ ಬಿಸಿಲಲ್ಲಿ ಕಾದ ಉಕ್ಕಿನ ಬಣ್ಣ ಮೋಸ ಮಾಡುತ್ತೆ. ಕಿತ್ತಳೆ ಬಣ್ಣಕ್ಕೆ ಬಂದಿದ್ದರೂ ಮಂಕು ಕೆಂಪಾಗಿ ಕಾಣುತ್ತೆ, ಇನ್ನೂ ಕಾಯಿಸೋಣ ಅನಿಸುತ್ತೆ. ಹಾಗೆ ಕಾಯಿಸಿದಾಗ ಉಕ್ಕು ಸುಡುತ್ತೆ. ಮೈಯಿಂದ ಬಿಳಿ ಕಿಡಿ ಹಾರಿದರೆ ಆ ಆಕ್ಸಲ್ ಮುಗಿದ ಹಾಗೆ. ಬಣ್ಣದ ಜೊತೆ ಕ್ರೇಯಾನ್ ಕೂಡ ಬಳಸಿ.

ಬಗ್ಗಿಸಬೇಕಾದ ಬಿಸಿ ಸುಮಾರು 950ರಿಂದ 1,050 ಡಿಗ್ರಿ ಸೆಲ್ಸಿಯಸ್, ಕಣ್ಣಿಗೆ ಹೊಳೆಯುವ ಕಿತ್ತಳೆ. ಮಂಕು ಕೆಂಪಿಗೆ ಇಳಿದ ಕೂಡಲೇ ತಳ್ಳುವುದು ನಿಲ್ಲಿಸಿ, ಮತ್ತೆ ಕಾಯಿಸಿ. ಅತಿ ಅಪಾಯದ ಬಿಸಿ 200ರಿಂದ 400 ಡಿಗ್ರಿಯದು. ಆಗ ಉಕ್ಕು ನೋಡಲು ಸುಮ್ನೆ ತಣ್ಣಗಿರುವಂತೆ ಕಾಣುತ್ತೆ. ಉಜ್ಜಿದ ಜಾಗದಲ್ಲಿ ನೀಲಿ ಛಾಯೆ ಇರುತ್ತೆ. ಆ ಬಿಸಿಯಲ್ಲಿ ಉಕ್ಕು ಸುಲಭವಾಗಿ ಬಿರಿಯುವಂತಿರುತ್ತೆ, ಬಗ್ಗಿಸಿದರೆ ಒಳಗೇ ಬಿರುಕು ಹುಟ್ಟುತ್ತೆ. "ಸ್ವಲ್ಪ ಬಾಕಿ ಇದೆ, ಒಂದು ಏಟು ಹಾಕಿ ಸರಿಮಾಡೋಣ" ಅಂತ ಸುತ್ತಿಗೆ ಎತ್ತುವುದು ಸರಿಯಾಗಿ ಈ ಹೊತ್ತಲ್ಲೇ. ಎತ್ತಬೇಡಿ.

ತೊಲೆಯ ನಡುವಿನ ತೆಳು ಭಾಗ ಬೇಗ ಕಾಯುತ್ತೆ, ಮೇಲಿನ ಕೆಳಗಿನ ದಪ್ಪ ಅಂಚು ತಡ. ಹಾಗಾಗಿ ಜ್ವಾಲೆ ಅಂಚುಗಳ ಮೇಲೆ ಜಾಸ್ತಿ, ನಡುವೆ ಕಮ್ಮಿ ಆಡಿಸಿ. ಒಂದೇ ಕಡೆ ಹಿಡಿಯಬೇಡಿ. ಇಡೀ ಭಾಗ ಒಂದೇ ಬಣ್ಣಕ್ಕೆ ಬಂದ ಮೇಲೆ ಜಾಕಿಯಿಂದ ನಿಧಾನವಾಗಿ, ಕಣ್ಣು ತಡೆಗಟ್ಟೆಗೆ ತಾಗುವವರೆಗೆ ಎತ್ತಿ. ಕಪ್ಪು ಹೊಪ್ಪಳೆ ಉದುರುತ್ತಾ ಇರುತ್ತೆ, ಅದು ಸಹಜ. ಒಬ್ಬರು ಜ್ವಾಲೆ, ಒಬ್ಬರು ಜಾಕಿ, ಮೂರನೆಯವರು ಕೋನಮಾಪಕ. ಜ್ವಾಲೆ ಹಿಡಿದವರೇ ಕೋನ ನೋಡಲು ಹೋಗಬಾರದು. ಮಾಪಕ ಬಿಸಿಗೆ ಕೆಡದಂತೆ ಡಮ್ಮಿ ಪಿನ್ನಿನ ತುದಿಯಲ್ಲಿ ಇಡಿ.

ಆದ ಮೇಲೆ ನೀರು ಹಾಕಬೇಡಿ. ಒದ್ದೆ ಬಟ್ಟೆಯನ್ನೂ ಮುಟ್ಟಿಸಬೇಡಿ. ಕೆಂಪಗಿರುವ ಇಂಥ ಉಕ್ಕಿಗೆ ನೀರು ಬಿದ್ದರೆ ಅಲ್ಲಿ ಗಾಜಿನಂತೆ ಬಿರುಸಾಗುತ್ತೆ. ಒಣ ಬೂದಿಯನ್ನು ದಪ್ಪಗೆ ಮುಚ್ಚಿ ರಾತ್ರಿಯಿಡೀ ಬಿಡಿ. ಮಳೆ ಬರುವ ಸೂಚನೆ ಇದ್ದರೆ ಆ ದಿನ ಕೆಲಸವೇ ಬೇಡ.

ಗ್ಯಾಸಿನ ಬಗ್ಗೆ ನಾಲ್ಕು ಮಾತು. ಆಮ್ಲಜನಕದ ಕಪ್ಪು ಸಿಲಿಂಡರಿನ ವಾಲ್ವ್, ರೆಗ್ಯುಲೇಟರ್ ಯಾವುದನ್ನೂ ಗ್ರೀಸ್ ಕೈಯಲ್ಲಿ ಮುಟ್ಟಬೇಡಿ. ಒತ್ತಡದ ಆಮ್ಲಜನಕ ಎಣ್ಣೆಗೆ ತಾಗಿದರೆ ತಾನಾಗಿ ಹೊತ್ತಿಕೊಳ್ಳುತ್ತೆ. ಗ್ಯಾರೇಜಿನಲ್ಲಿ ಎಲ್ಲರ ಕೈಯಲ್ಲೂ ಗ್ರೀಸ್ ಇರುತ್ತೆ, ಅಲ್ವಾ? ಹಾಗಾಗಿ ಸಿಲಿಂಡರ್ ನೋಡಿಕೊಳ್ಳುವವರು ಬೇರೆ ಕೆಲಸ ಮಾಡದಿರಲಿ. ಎರಡೂ ಪೈಪಿಗೆ ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ ಇರಲಿ, ಬೆಂಕಿ ಪೈಪಿನೊಳಗೆ ಹಿಮ್ಮೆಟ್ಟದಂತೆ ತಡೆಯುವ ಸಾಧನ ಇದು. ಕಂದುಗೆಂಪು ಬಣ್ಣದ ಅಸಿಟಿಲೀನ್ ಸಿಲಿಂಡರಿಗೆ ದೊಡ್ಡ ಹೀಟಿಂಗ್ ನಾಝಲ್ ಹಾಕಬೇಡಿ. ಒಂದು ಸಿಲಿಂಡರಿನಿಂದ ಅಷ್ಟು ವೇಗವಾಗಿ ಗ್ಯಾಸ್ ಎಳೆಯುವುದು ಅಪಾಯ. ನಾನು ಎಲ್‌ಪಿಜಿ ಹೇಳಿದ್ದು ಅದಕ್ಕೇ.

ಇಷ್ಟು ಓದಿ ಕೈ ನಡುಗಿದರೆ ಈ ಒಂದು ಹಂತ ಕುಲುಮೆಯವರಿಗೆ ಬಿಡಿ. ಚೌಕಟ್ಟು, ಡಮ್ಮಿ ಪಿನ್, ಪ್ಲೈವುಡ್ ಚಿತ್ರ ಸಮೇತ ಹೋಗಿ. ಅಂತರಸನಹಳ್ಳಿ, ಹಿರೇಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ವಿಚಾರಿಸಿ. ಅಳತೆ ನಿಮ್ಮ ಕೈಯಲ್ಲಿದ್ದರೆ ಬೆಂಕಿ ಯಾರ ಕೈಯಲ್ಲಿದ್ದರೂ ಕೆಲಸ ನಿಮ್ಮದೇ.

7. ಗಟ್ಟಿತನ ತಿರುಗಿ ತರುವುದು

ಬಹಳ ಜನ ಇದನ್ನು ಬಿಟ್ಟುಬಿಡುತ್ತಾರೆ. ಇಡೀ ಕೆಲಸದಲ್ಲಿ ಇದಕ್ಕಿಂತ ದೊಡ್ಡ ತಪ್ಪಿಲ್ಲ. ಕಾರ್ಖಾನೆಯಲ್ಲಿ ಆಕ್ಸಲ್ಲನ್ನು ಕಾಯಿಸಿ, ತಣಿಸಿ, ಮತ್ತೆ ಹದ ಬಿಸಿ ಕೊಟ್ಟು ಗಟ್ಟಿಗೊಳಿಸಿರುತ್ತಾರೆ. ನೀವು ಕಾಯಿಸಿದ ಜಾಗದಲ್ಲಿ ಆ ಹದ ಹೋಗಿದೆ. ನೋಡಲು ಏನೂ ಗೊತ್ತಾಗುವುದಿಲ್ಲ. ಒಂದೇ ಆಕ್ಸಲ್‌ನಲ್ಲಿ ನಡುಭಾಗ ಗಟ್ಟಿ, ಬಾಗು ಮೆತ್ತಗೆ, ಎರಡರ ಗಡಿಯಲ್ಲಿ ಇನ್ನೊಂದು ಥರ.

ಇಡೀ ಆಕ್ಸಲ್ಲನ್ನು ಹೀಟ್ ಟ್ರೀಟ್‌ಮೆಂಟ್ ಘಟಕಕ್ಕೆ ಕೊಡಬೇಕು. ಬೆಂಗಳೂರಿನ ಪೀಣ್ಯದಲ್ಲಿ ಇಂಥ ಘಟಕಗಳಿವೆ, ತುಮಕೂರಿನಿಂದ ಅದೇ ಹೆದ್ದಾರಿಯಲ್ಲೇ ಸಿಗುತ್ತೆ. ಮೊದಲ ಹಂತದ ಸ್ಪೆಕ್ಟ್ರೋ ವರದಿ, ಗಡಸುತನದ ಅಂಕಿ ಎರಡನ್ನೂ ಕೊಡಿ. "ಮೊದಲು ಇಷ್ಟಿತ್ತು, ಅಷ್ಟಕ್ಕೇ ತನ್ನಿ, ಜಾಸ್ತಿ ಬೇಡ" ಅಂತ ಹೇಳಿ. ಗಡಸುತನ ಹೆಚ್ಚಾದಷ್ಟೂ ಒಳ್ಳೆಯದು ಅನ್ನುವುದು ತಪ್ಪು. ಮುಂದಿನ ಆಕ್ಸಲ್ ಗುಂಡಿಗೆ ಬಿದ್ದಾಗ ಬಗ್ಗಬೇಕೇ ಹೊರತು ಮುರಿಯಬಾರದು.

ವಾಪಸ್ ಬಂದ ಮೇಲೆ ಎರಡೂ ಬಾಗು, ನಡುಭಾಗ ಮೂರೂ ಕಡೆ ಗಡಸುತನ ಅಳೆಸಿ. ಬಿರುಕು ಪರೀಕ್ಷೆ ಮತ್ತೊಮ್ಮೆ ಮಾಡಿ. ಈ ಸಲ ಆಗುವುದಾದರೆ ಆಯಸ್ಕಾಂತ ಮತ್ತು ಕಬ್ಬಿಣದ ಪುಡಿಯಿಂದ ಮಾಡುವ ಮ್ಯಾಗ್ನೆಟಿಕ್ ಪರೀಕ್ಷೆಯನ್ನೇ ಮಾಡಿಸಿ. ಮೇಲ್ಮೈಯ ತುಸು ಕೆಳಗಿನ ಬಿರುಕೂ ಅದರಲ್ಲಿ ಗೊತ್ತಾಗುತ್ತೆ.

8. ಮತ್ತೆ ಅಳತೆ

ಆಕ್ಸಲ್ಲನ್ನು ಚೌಕಟ್ಟಿಗೆ ಕೂರಿಸಿ, ಡಮ್ಮಿ ಪಿನ್ ತೂರಿಸಿ. ಪಿನ್ ಕೈಯಿಂದಲೇ ಸರಾಗ ಜಾರಬೇಕು. ಒಂದು ಕಡೆ ಜಾರಿ ಇನ್ನೊಂದು ಕಡೆ ಸಿಕ್ಕಿಕೊಂಡರೆ ಕಣ್ಣು ಮೊಟ್ಟೆಯಾಕಾರಕ್ಕೆ ತಿರುಗಿದೆ, ಆ ಆಕ್ಸಲ್ ಹಾಕಬೇಡಿ. ಎರಡು ಕಡೆಯ ಕಿಂಗ್ ಪಿನ್ ಕೋನದ ವ್ಯತ್ಯಾಸ ಅರ್ಧ ಡಿಗ್ರಿ ಮೀರಬಾರದು. ಮುಂದಿನಿಂದ ನೋಡಿದ ಕೋನದ ಜೊತೆ ಬದಿಯಿಂದ ನೋಡಿದ ಕೋನವನ್ನೂ ಓದಿ. ಅಲ್ಲಿ ವ್ಯತ್ಯಾಸ ಇದ್ದರೆ ತೊಲೆ ತಿರುಚಿದೆ ಅಂತ ಅರ್ಥ, ಗಾಡಿ ಒಂದೇ ಕಡೆ ಎಳೆಯುತ್ತೆ.

ಸಣ್ಣ ತಿದ್ದುಪಡಿ ಬೇಕಾದರೆ ಭಾರಿ ವಾಹನಗಳ ಅಲೈನ್‌ಮೆಂಟ್ ಮಾಡುವಲ್ಲಿ ಬಿಸಿ ಇಲ್ಲದೆ ಪ್ರೆಸ್ಸಿನಿಂದ ಮಾಡಿಸಿ. ಮತ್ತೆ ಬೆಂಕಿ ತೋರಿಸಿದರೆ ಏಳನೇ ಹಂತದ ಖರ್ಚೆಲ್ಲ ನೀರಿಗೆ ಹೋಯಿತು.

9. ಜೋಡಿಸುವುದು, ಸ್ಟೀರಿಂಗ್ ಹೊಂದಿಸುವುದು

ಹೊಸ ಕಿಂಗ್ ಪಿನ್, ಹೊಸ ಬುಷ್, ಹೊಸ ಯು ಬೋಲ್ಟ್. ಇಷ್ಟು ಮಾಡಿದ ಮೇಲೆ ಹಳೆ ಬುಷ್‌ಗೆ ಜಿಪುಣತನ ಬೇಡ.

ಮುಂಭಾಗ ಮಾತ್ರ ಇಳಿದರೆ ಇಡೀ ಚಾಸಿಸ್ ಮುಂದಕ್ಕೆ ಬಾಗುತ್ತೆ. ಆಗ ಕಿಂಗ್ ಪಿನ್ ತಲೆಯೂ ಮುಂದಕ್ಕೆ ಬರುತ್ತೆ, ಕ್ಯಾಸ್ಟರ್ ಕಮ್ಮಿಯಾಗುತ್ತೆ. ಶೆವರ್ಲೆ ಅರ್ಧ ಟನ್‌ನ ಮುಂದಿನ ಹಿಂದಿನ ಚಕ್ರಗಳ ಅಂತರ 116 ಇಂಚು, ಅಂದರೆ 2,946 ಮಿಲಿಮೀಟರ್. 60 ಇಳಿಸಿದರೆ ಸುಮಾರು 1.2 ಡಿಗ್ರಿ ಕ್ಯಾಸ್ಟರ್ ಹೋಗುತ್ತೆ. ಹಳೆ ಗಾಡಿಗಳಲ್ಲಿ ಇರುವುದೇ ಕೆಲವೇ ಡಿಗ್ರಿ. ಅದನ್ನು ತಿರುಗಿ ತರಲು ಸ್ಪ್ರಿಂಗ್ ಮತ್ತು ಪ್ಯಾಡಿನ ನಡುವೆ ಉಕ್ಕಿನ ಬೆಣೆ ಹಾಕಬೇಕು. ಸ್ಪ್ರಿಂಗ್ ಆಕ್ಸಲ್ ಮೇಲೆ ಕೂರುವ ಗಾಡಿಯಲ್ಲಿ ಬೆಣೆಯ ದಪ್ಪ ಕಡೆ ಹಿಂದಕ್ಕೆ ಬರಲಿ. ತಿರುಗಿಸಿ ಹಾಕಿದರೆ ಇದ್ದ ಕ್ಯಾಸ್ಟರ್ ಕೂಡ ಹೋಗುತ್ತೆ. ಅಲ್ಯೂಮಿನಿಯಂ ಬೆಣೆ ಬೇಡ, ನುಜ್ಜಾಗಿ ಯು ಬೋಲ್ಟ್ ಸಡಿಲವಾಗುತ್ತೆ.

ಬೆಣೆ ಹಾಕುವಾಗ ಸೆಂಟರ್ ಬೋಲ್ಟ್ ನೋಡಿ. ಬ್ಲೇಡುಗಳನ್ನು ಹಿಡಿದಿಡುವ ಈ ಬೋಲ್ಟಿನ ತಲೆ ಪ್ಯಾಡಿನ ತೂತಿನೊಳಗೆ ಕೂತಿರಬೇಕು. ಬೆಣೆಯ ದಪ್ಪದಿಂದ ತಲೆ ಮೇಲೇ ಉಳಿದರೆ ಬ್ರೇಕ್ ಹಾಕಿದಾಗ ಆಕ್ಸಲ್ ಹಿಂದೆ ಜಾರುತ್ತೆ. ತಲೆ ಉದ್ದ ಇರುವ ಬೋಲ್ಟ್ ಮಾಡಿಸಿ.

ಇನ್ನು ಸ್ಟೀರಿಂಗ್. ಚಕ್ರದ ತೋಳುಗಳು ಚಕ್ರದ ಜೊತೆ ಮೇಲೇ ಉಳಿದವು, ಚಾಸಿಸ್ ಮತ್ತು ಸ್ಟೀರಿಂಗ್ ಬಾಕ್ಸ್ ಕೆಳಗಿಳಿದವು. ಹಾಗಾಗಿ ಡ್ರ್ಯಾಗ್ ಲಿಂಕ್ ಕೋನ ಬದಲಾಯಿತು, ಟೈ ರಾಡ್ ಸ್ಪ್ರಿಂಗ್‌ಗೆ ಹತ್ತಿರವಾಯಿತು. ಕೋನ ತಪ್ಪಿದ್ದರೆ ಗುಂಡಿಗೆ ಇಳಿದಾಗಲೆಲ್ಲ ಸ್ಟೀರಿಂಗ್ ತಾನೇ ಎಳೆಯುತ್ತೆ. ಎರಡನೇ ಹಂತದಲ್ಲಿ ಬರೆದುಕೊಂಡ ಕೋನ ಈಗ ಕೆಲಸಕ್ಕೆ ಬರುತ್ತೆ. ಅದೇ ಕೋನ ಸಿಗುವಂತೆ ಕೆಳಕ್ಕೆ ಬಾಗಿದ ಸ್ಟೀರಿಂಗ್ ತೋಳು ಹಾಕಬೇಕು. ಇವು ತಯಾರಾಗಿ ಸಿಗುತ್ತವೆ, ತರಿಸಿಕೊಳ್ಳಿ. ಮೂಲ ತೋಳನ್ನು ಕಾಯಿಸಿ ಬಗ್ಗಿಸುವುದು ನನಗೆ ಒಪ್ಪಿಗೆ ಇಲ್ಲ. ಆಕ್ಸಲ್ ಬಗ್ಗಿದರೆ ಗಾಡಿ ವಾಲುತ್ತೆ, ಸ್ಟೀರಿಂಗ್ ತೋಳು ಮುರಿದರೆ ಗಾಡಿಗೆ ದಿಕ್ಕೇ ಇಲ್ಲ.

ಟೈ ರಾಡ್ 18 ಮಿಲಿಮೀಟರ್ ಗಿಡ್ಡ ಆಗಬೇಕು. ತುದಿಯ ಥ್ರೆಡ್‌ನಲ್ಲಿ ಅಷ್ಟು ಅವಕಾಶ ಇಲ್ಲದಿದ್ದರೆ ಗಿಡ್ಡನೆಯ ಹೊಸ ರಾಡ್ ಮಾಡಿಸಿ. ಕತ್ತರಿಸಿ ಬೆಸೆದ ಟೈ ರಾಡ್ ಬೇಡ.

ಈಗ ಗಾಡಿ ಸ್ಟ್ಯಾಂಡ್ ಮೇಲೆ ಇರುವಾಗಲೇ ಸ್ಟೀರಿಂಗ್ ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ಚಕ್ರಗಳು ಒಳಗೆ ಬಂದಿವೆ, ಟೈರು ಸ್ಪ್ರಿಂಗ್‌ಗೋ ಡ್ರ್ಯಾಗ್ ಲಿಂಕ್‌ಗೋ ತಾಗುತ್ತಾ ನೋಡಿ. ತಾಗಿದರೆ ತಿರುವು ತಡೆಯುವ ಸ್ಟಾಪ್ ಬೋಲ್ಟ್ ಹೊರಗೆ ತನ್ನಿ. ಬ್ರೇಕ್ ಹೋಸ್ ಎಲ್ಲೂ ಬಿಗಿಯಬಾರದು, ಉಜ್ಜಬಾರದು. ಗಾಡಿ ನೆಲಕ್ಕಿಳಿದ ಮೇಲೆ ಆಕ್ಸಲ್, ಟೈ ರಾಡ್, ಬೋಲ್ಟ್ ಯಾವುದೂ ಚಕ್ರದ ರಿಮ್ಮಿನ ಕೆಳಅಂಚಿಗಿಂತ ಕೆಳಗೆ ಇರಬಾರದು. ಪಂಕ್ಚರ್ ಆಗಿ ಟೈರು ಕೂತುಬಿಟ್ಟರೂ ಕಬ್ಬಿಣ ನೆಲ ಉಳಬಾರದು, ಅದಕ್ಕೆ ಈ ಲೆಕ್ಕ.

ಕೊನೆಗೆ ಟೋ ಇನ್: ಎರಡು ಚಕ್ರಗಳ ಮುಂದಿನ ಅಂಚು ಹಿಂದಿನದಕ್ಕಿಂತ ತುಸು ಹತ್ತಿರ ಇರುವುದು. ಒಂದೂವರೆಯಿಂದ ಮೂರು ಮಿಲಿಮೀಟರ್ ಸಾಮಾನ್ಯ. ಕೈಪಿಡಿ ಬೇರೆ ಹೇಳಿದರೆ ಅದೇ ಸರಿ.

10. ಓಡಿಸಿ ನೋಡುವುದು

ಮೊದಲು ಅಂಗಳದೊಳಗೆ, ನಡಿಗೆಯ ವೇಗದಲ್ಲಿ. ಬ್ರೇಕ್ ಹಾಕಿ, ತಿರುಗಿಸಿ, ಹಿಂದೆ ತನ್ನಿ. ಇಳಿದು ಯು ಬೋಲ್ಟ್ ಬಿಗಿ ನೋಡಿ. ಆಮೇಲೆ ಖಾಸಗಿ ಮೈದಾನದಲ್ಲಿ ವೇಗ ನಿಧಾನವಾಗಿ ಏರಿಸಿ. ತಿರುವಿನಿಂದ ಹೊರಬರುವಾಗ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರದಿದ್ದರೆ ಕ್ಯಾಸ್ಟರ್ ಕಮ್ಮಿ, ಬೆಣೆ ನೋಡಿ. ಒಂದು ವೇಗದಲ್ಲಿ ಮುಂದಿನ ಚಕ್ರಗಳು ಗಡಗಡ ನಡುಗಿದರೆ ಮೊದಲು ಚಕ್ರದ ಬ್ಯಾಲೆನ್ಸ್, ಆಮೇಲೆ ಬುಷ್, ಆಮೇಲೆ ಕ್ಯಾಸ್ಟರ್ ಜಾಸ್ತಿ ಆಗಿದೆಯಾ ಅಂತ ನೋಡಿ. ಒಂದೇ ಕಡೆ ಎಳೆದರೆ ಬ್ರೇಕ್ ಹೊಂದಾಣಿಕೆ ಪರೀಕ್ಷಿಸಿ, ಅದು ಸರಿ ಇದ್ದರೆ ಎಂಟನೇ ಹಂತಕ್ಕೆ ವಾಪಸ್ ಹೋಗಿ.

ಮೊದಲ 100 ಕಿಲೋಮೀಟರ್ ಆದ ಮೇಲೆ ಯು ಬೋಲ್ಟ್‌ಗಳನ್ನು ಕೈಪಿಡಿ ಹೇಳಿದ ಅಳತೆಗೆ ಮತ್ತೊಮ್ಮೆ ಬಿಗಿಯಿರಿ. ಅದೇ ಹೊತ್ತಿಗೆ ಎರಡೂ ಬಾಗುಗಳನ್ನು ತೊಳೆದು, ಡೈ ಪೆನೆಟ್ರಂಟ್ ಹಚ್ಚಿ ನೋಡಿ. ಬಾಗಿನ ಮೇಲೆ ದಪ್ಪ ಬಣ್ಣ ಹೊಡೆಯಬೇಡಿ, ತೆಳು ಪ್ರೈಮರ್ ಸಾಕು. ಬಿರುಕು ಬಂದರೆ ಅಲ್ಲಿ ತುಕ್ಕಿನ ಗೆರೆ ಕಣ್ಣಿಗೆ ಬೀಳುತ್ತೆ, ದಪ್ಪ ಬಣ್ಣದಡಿ ಅದು ಕಾಣುವುದಿಲ್ಲ. ಆಮೇಲೆ ವರ್ಷಕ್ಕೊಮ್ಮೆ, ಗ್ರೀಸ್ ಹೊಡೆಯುವ ದಿನವೇ ಈ ಪರೀಕ್ಷೆಯನ್ನೂ ಇಟ್ಟುಕೊಳ್ಳಿ.